ಅಂಗೈಗೆ ಬಂದ ಬೆವರಿನ ಪಟ್ಟಿ

ಮೊಬೈಲಿನಲ್ಲಿ ‘ಸ್ವೆಟ್ ಅಂಡ್ ಟಾಯ್ಲ್’ ಎಂಬ ಆ್ಯಪ್ ತೆರೆದು, ದೇಶಗಳ ಸಾಲಿನಲ್ಲಿ ಭಾರತವನ್ನು ಒತ್ತಿದೆ. ಮೊದಲಿಗೇ ಬಂದದ್ದು ಬೀಡಿ. ಆಮೇಲೆ ಹಿತ್ತಾಳೆ ಸಾಮಾನು, ಇಟ್ಟಿಗೆ, ರತ್ನಗಂಬಳಿ, ಹೈಬ್ರಿಡ್ ಹತ್ತಿಬೀಜ, ಪಟಾಕಿ, ಗಾಜಿನ ಬಳೆ, ಊದಿನಕಡ್ಡಿ, ಬೀಗ, ಬೆಂಕಿಪೊಟ್ಟಣ, ಅಭ್ರಕ, ರೇಷ್ಮೆ ಬಟ್ಟೆ, ರೇಷ್ಮೆ ನೂಲು. ನಡುನಡುವೆ ಇನ್ನೂ ಹಲವು. ಓದುತ್ತ ಹೋದಂತೆ ಮದುವೆ ಮನೆಯ ಸಾಮಾನಿನ ಚೀಟಿ ನೆನಪಾಯಿತು. ಬಳೆ, ಊದಿನಕಡ್ಡಿ, ಪಟಾಕಿ, ರೇಷ್ಮೆ ಸೀರೆ, ಏನು ಕಡಿಮೆ? ಈ ಒಂದೊಂದು ಹೆಸರಿನ ಹಿಂದೆಯೂ ಮಕ್ಕಳ ದುಡಿಮೆಯೋ, ಬಲವಂತದ ದುಡಿಮೆಯೋ ಇದೆಯೆಂದು ನಂಬಲು ಕಾರಣವಿದೆ ಎನ್ನುತ್ತದೆ ಆ್ಯಪ್.

ಇದನ್ನು ಹೊರತಂದದ್ದು ಅಮೆರಿಕದ ಕಾರ್ಮಿಕ ಇಲಾಖೆಯ ಅಂತರರಾಷ್ಟ್ರೀಯ ವಿಭಾಗ, 2015ರಲ್ಲಿ. ಸಾವಿರಕ್ಕೂ ಹೆಚ್ಚು ಪುಟಗಳ ಸರ್ಕಾರಿ ವರದಿಗಳನ್ನು ಯಾರು ಬೇಕಾದರೂ ಕಾಸು ಕೊಡದೆ ನೋಡುವಂತೆ ಅದರೊಳಗೆ ಇಟ್ಟಿದ್ದಾರೆ. ದೇಶದ ಹೆಸರು ಹಿಡಿದು ಹುಡುಕಬಹುದು, ಸರಕಿನ ಹೆಸರು ಹಿಡಿದೂ ಹುಡುಕಬಹುದು. ಯಾವ ದೇಶದಲ್ಲಿ ಯಾವ ಕಾನೂನಿದೆ, ಯಾವ ಒಪ್ಪಂದಕ್ಕೆ ಸಹಿ ಬಿದ್ದಿದೆ, ಸರ್ಕಾರ ಇನ್ನೂ ಏನು ಮಾಡಬೇಕು ಎಂಬುದೂ ಸಿಗುತ್ತದೆ. ಆದರೆ ಈ ಲೆಕ್ಕ ಅಂಗೈಗೆ ಬರುವ ಮುಂಚೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಗದದ ಮೇಲಿತ್ತು. ಅದು ಹುಟ್ಟಿದ ಹೊತ್ತಿನಲ್ಲೇ ಒಂದು ದೊಡ್ಡ ಎಡವಟ್ಟೂ ನಡೆದಿತ್ತು.

1992ರಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ ಒಂದು ಮಸೂದೆ ಮಂಡಿಸಿದರು. ಮಕ್ಕಳು ದುಡಿದು ತಯಾರಾದ ಸರಕು ಅಮೆರಿಕಕ್ಕೆ ಬರಬಾರದು ಎಂಬುದು ಅದರ ಸಾರ. ಮಸೂದೆ ಕಾಯ್ದೆಯಾಗಲೇ ಇಲ್ಲ. ಆದರೆ ಅದರ ಸುದ್ದಿಗೇ ಬಾಂಗ್ಲಾದೇಶದ ಗಾರ್ಮೆಂಟ್ ಮಾಲೀಕರು ಬೆದರಿ, ಮಕ್ಕಳನ್ನು ರಾತ್ರೋರಾತ್ರಿ ಹೊರಗಟ್ಟಿದರು. ಯುನಿಸೆಫ್ ಅಂದಾಜಿನಂತೆ ಕೆಲಸ ಕಳೆದುಕೊಂಡ ಮಕ್ಕಳು ಸುಮಾರು 50,000. ಅವರು ಶಾಲೆಗೆ ಹೋದರೇ? ಇಲ್ಲ. ಕೆಲವರು ಕಲ್ಲು ಒಡೆಯಲು ಹೋದರು, ಕೆಲವರು ಬೀದಿಗೆ ಬಿದ್ದರು, ಕೆಲವು ಹೆಣ್ಣುಮಕ್ಕಳು ಮೈ ಮಾರುವ ದಂಧೆಗೆ ಸಿಕ್ಕಿಕೊಂಡರು. ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿಗಿಂತ ಕೆಟ್ಟ ಜಾಗಗಳು ಲೋಕದಲ್ಲಿದ್ದವು. 1995ರ ಜುಲೈ 4ರಂದು ಢಾಕಾದಲ್ಲಿ ಗಾರ್ಮೆಂಟ್ ಮಾಲೀಕರ ಸಂಘ, ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ ಒಂದು ಒಪ್ಪಂದ ಮಾಡಿಕೊಂಡವು. ಶಾಲೆಯ ವ್ಯವಸ್ಥೆಯಾಗದೆ ಮಗುವನ್ನು ಕೆಲಸದಿಂದ ತೆಗೆಯುವಂತಿಲ್ಲ. ಶಾಲೆಗೆ ಬಂದ ಮಗುವಿಗೆ ತಿಂಗಳಿಗೆ 300 ಟಾಕಾ ಕೊಡಬೇಕು. ಕೊಳ್ಳುವುದನ್ನು ನಿಲ್ಲಿಸಿಬಿಟ್ಟರೆ ಪಾಪ ಪರಿಹಾರವಾಯಿತು ಎಂದುಕೊಳ್ಳುವವರು ಈ ಆ್ಯಪ್ ತೆರೆಯುವ ಮುಂಚೆ ಢಾಕಾದ ಈ ಕಥೆಯನ್ನು ಒಮ್ಮೆ ಓದಬೇಕು ಎಂದು ನನಗನಿಸುತ್ತದೆ.

ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಅಮೆರಿಕಕ್ಕೆ ಬರುವ ಸರಕಿನಲ್ಲಿ ಮಕ್ಕಳ ದುಡಿಮೆ ಎಲ್ಲೆಲ್ಲಿದೆ ಎಂದು ಲೆಕ್ಕ ಕೊಡುವಂತೆ ಅಲ್ಲಿನ ಸಂಸತ್ತು ಕಾರ್ಮಿಕ ಇಲಾಖೆಗೆ ಹೇಳಿತ್ತು. 1994ರಲ್ಲಿ ಮೊದಲ ಸಂಪುಟ ಬಂತು. ಹೆಸರು ‘ಬೈ ದ ಸ್ವೆಟ್ ಅಂಡ್ ಟಾಯ್ಲ್ ಆಫ್ ಚಿಲ್ಡ್ರನ್’, ಎಂದರೆ ಮಕ್ಕಳ ಬೆವರು ಮತ್ತು ದುಡಿಮೆಯಿಂದ. ಕಾರ್ಖಾನೆ, ಗಣಿಗಳಿಂದ ಶುರುವಾಗಿ ಹೊಲ, ಜೀತ, ಸಿದ್ಧ ಉಡುಪು ಎಂದು ಸಂಪುಟದ ಮೇಲೆ ಸಂಪುಟ ಬಂದವು. ಇಪ್ಪತ್ತೊಂದು ವರ್ಷಗಳ ಮೇಲೆ ಆ್ಯಪ್‌ಗೆ ಇಟ್ಟ ಹೆಸರು ಈ ಸಂಪುಟಗಳದ್ದೇ.

1998ರಲ್ಲಿ ಮಕ್ಕಳ ದುಡಿಮೆಯ ವಿರುದ್ಧ ಕೈಲಾಶ್ ಸತ್ಯಾರ್ಥಿಯವರ ಮುಂದಾಳತ್ವದ ಜಾಗತಿಕ ಜಾಥಾ ಖಂಡಗಳನ್ನು ದಾಟಿ ಜಿನೀವಾ ಮುಟ್ಟಿತು. ಮರುವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಕ್ಕಳ ದುಡಿಮೆಯ ಅತಿ ಕೆಟ್ಟ ರೂಪಗಳ ವಿರುದ್ಧ 182ನೇ ಒಡಂಬಡಿಕೆಯನ್ನು ಅಂಗೀಕರಿಸಿತು. 2000ದಲ್ಲಿ ಅಮೆರಿಕ ತನ್ನ ವ್ಯಾಪಾರ ಕಾಯ್ದೆಯಲ್ಲಿ, ಸುಂಕದ ರಿಯಾಯಿತಿ ಬೇಕಾದ ದೇಶಗಳು ಈ ಪಿಡುಗಿಗೆ ಏನು ಮಾಡುತ್ತಿವೆ ಎಂದು ವರ್ಷವರ್ಷವೂ ವರದಿಯಾಗಬೇಕೆಂದು ಬರೆದುಕೊಂಡಿತು. ಆ ಬಳಿಕ ಮಾನವ ಕಳ್ಳಸಾಗಣೆ ತಡೆ ಕಾಯ್ದೆಯ 2005ರ ನವೀಕರಣ ಒಂದು ಹೆಜ್ಜೆ ಮುಂದೆ ಹೋಗಿ, ಸರಕುಗಳ ಹೆಸರನ್ನೇ ಪಟ್ಟಿ ಮಾಡಿ ಎಂದಿತು. ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಮೊದಲ ಪಟ್ಟಿ ಬರಲು 2009ರ ಸೆಪ್ಟೆಂಬರ್ ಆಯಿತು. ಅದರಲ್ಲಿ 58 ದೇಶಗಳ 122 ಸರಕುಗಳಿದ್ದವು. 2024ರ ಪಟ್ಟಿಯಲ್ಲಿ 82 ದೇಶಗಳ 204 ಸರಕುಗಳಿವೆ.

ಒಂದು ಹೆಸರು ಪಟ್ಟಿಗೆ ಸೇರುವುದು ಹೇಗೆ? ಆಧಾರ ಎಷ್ಟು ಹಳೆಯದು, ಯಾರು ಬರೆದದ್ದು, ಬೇರೆ ಕಡೆಯಿಂದಲೂ ಅದೇ ಮಾತು ಬಂದಿದೆಯೇ, ಒಂದೆರಡು ಕಡೆಯ ಮಾತೋ ಅಥವಾ ವ್ಯಾಪಕವೋ ಎಂದೆಲ್ಲ ತೂಗಿ ನೋಡುತ್ತಾರೆ. ಕುರ್ಚಿಯ ಮೇಲೆ ಕುಳಿತವರು ತೂಗುವುದು ಸರಿ, ತೂಗಲು ಬೇಕಾದದ್ದನ್ನು ಯಾರೋ ಸ್ಥಳಕ್ಕೆ ಹೋಗಿ ತರಬೇಕು. ಅಂಥ ಒಂದು ಸ್ಥಳ ನಮ್ಮದೇ ಮಾಗಡಿ, ರಾಮನಗರ.

1996ರಲ್ಲಿ ಮತ್ತು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ಭಾರತದ ಜೀತದ ಮಕ್ಕಳ ಬಗ್ಗೆ ಎರಡು ವರದಿ ತಂದಿತು. ಎರಡನೆಯದು ಪೂರ್ತಿ ರೇಷ್ಮೆಯದ್ದೇ. ನೂಲು ಬಿಚ್ಚುವ ಮನೆಯಲ್ಲಿ ನಡೆಯುತ್ತಿದ್ದದ್ದು ಇದು: ಗೂಡನ್ನು ಬೇಸಿನ್ನಿನ ಕುದಿಯುವ ನೀರಿಗೆ ಹಾಕುತ್ತಾರೆ. ಗೂಡಿನ ಅಂಟು ಬಿಟ್ಟು ಎಳೆ ಸಡಿಲವಾಗಬೇಕು. ಸಡಿಲವಾಯಿತೋ ಇಲ್ಲವೋ ಎಂದು ಸೌಟಿಗೆ ತಿಳಿಯುವುದಿಲ್ಲ, ಬೆರಳಿಗೇ ತಿಳಿಯಬೇಕು. ಆ ಬೆರಳು ಹತ್ತು ಹನ್ನೆರಡು ವರ್ಷದ ಮಗುವಿನದು. ದಿನವಿಡೀ ಸುಡುನೀರಿನಲ್ಲಿ ಅದ್ದಿ ತೆಗೆದ ಕೈ ಬೊಬ್ಬೆಯೆದ್ದು, ಚರ್ಮ ಬಿಳಿಚಿ ಬಿರಿದು, ಸತ್ತ ಹುಳುವಿನ ನೀರು ಸೋಂಕಿ ಕೀವಾಗುತ್ತಿತ್ತು. ಹುರಿ ಮಿಷನ್ನಿನ ಮನೆಯಲ್ಲಿ ಇನ್ನೊಂದು ಪಾಡು. ಮಬ್ಬು ಕೋಣೆಯಲ್ಲಿ ಗಿರಗಿರನೆ ಸುತ್ತುವ ಉರುಳೆಗಳ ಸಾಲಿನ ನಡುವೆ ಮಗು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಎಳೆ ಹರಿದಲ್ಲಿ ಓಡಿಹೋಗಿ ಗಂಟು ಹಾಕಬೇಕು, ಕೂರುವಂತಿಲ್ಲ. ಇದೆಲ್ಲಕ್ಕೂ ಮೂಲ ತಂದೆತಾಯಿ ಮಾಲೀಕರಿಂದ ಪಡೆದ ಮುಂಗಡ. ಮಗು ದುಡಿದಷ್ಟೂ ತೀರದ ಸಾಲ ಅದು. 1976ರಲ್ಲೇ ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂದ ದೇಶದಲ್ಲಿ, ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದಲ್ಲಿ.

ಆ್ಯಪ್‌ನಲ್ಲಿ ರೇಷ್ಮೆ ನೂಲು ಎಂಬ ಹೆಸರು ನೋಡಿದಾಗಲೆಲ್ಲ ನನ್ನ ಕಣ್ಣು ಆ ಬೇಸಿನ್ನಿಗೇ ಹೋಗುತ್ತದೆ. ಬೀಡಿಗೂ ಕರ್ನಾಟಕದ ನಂಟಿದೆ. ಜೀತದ ಮಕ್ಕಳು ಕಟ್ಟಿದ ಬೀಡಿ ಎಂಬ ಕಾರಣಕ್ಕೆ 1999ರಲ್ಲಿ ಅಮೆರಿಕದ ಸುಂಕ ಇಲಾಖೆ ನಮ್ಮ ರಾಜ್ಯದ ಒಂದು ಕಂಪನಿಯ ಮಾಲನ್ನು ಬಂದರಿನಲ್ಲೇ ತಡೆಯುವಂತೆ ಆದೇಶಿಸಿತ್ತು.

ಪಟ್ಟಿಯಲ್ಲಿ ಹೆಸರು ಬಂದರೆ ಯಾವ ದೇಶಕ್ಕೂ ಹಿತವಾಗದು. ಭಾರತದ ಗಾರ್ಮೆಂಟ್ ರಫ್ತುದಾರರೂ ತಮ್ಮನ್ನು ಸೇರಿಸಿದ್ದಕ್ಕೆ ಆಕ್ಷೇಪಿಸಿದ್ದರು. ಆದರೆ ಪಟ್ಟಿಯಿಂದ ಹೆಸರು ತೆಗೆಸುವ ದಾರಿಯೂ ಒಂದಿದೆ, ಉಜ್ಬೇಕಿಸ್ತಾನ ಅದನ್ನು ಹಿಡಿಯಿತು. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆಯ ಮಕ್ಕಳು, ಮೇಷ್ಟ್ರುಗಳು, ಆಸ್ಪತ್ರೆಯ ನರ್ಸ್‌ಗಳನ್ನು ಸರ್ಕಾರವೇ ಹೊಲಕ್ಕೆ ಅಟ್ಟುತ್ತಿದ್ದ ದೇಶ ಅದು. ಹೊರಗಿನ ಒತ್ತಡ, ಬಟ್ಟೆ ಕಂಪನಿಗಳ ಬಹಿಷ್ಕಾರ, ಅದಕ್ಕಿಂತ ಹೆಚ್ಚಾಗಿ ಪೊಲೀಸರ ಕಿರುಕುಳ ಸಹಿಸಿಕೊಂಡು ಹೊಲಗಳಿಗೆ ಹೋಗಿ ಬರೆದುಕೊಂಡ ಅಲ್ಲಿನ ಹೋರಾಟಗಾರರು, ಎಲ್ಲವೂ ಸೇರಿ ಆ ಪದ್ಧತಿ ಮುರಿಯಿತು. 2022ರಲ್ಲಿ ಉಜ್ಬೇಕ್ ಹತ್ತಿಯ ಹೆಸರನ್ನು ಪಟ್ಟಿಯಿಂದ ತೆಗೆದರು.

ಅದೇ 2022ರ ಪಟ್ಟಿಗೆ ಹೊಸದೊಂದು ಹೆಸರು ಬಂತು: ಚೀನಾದ ಲಿಥಿಯಂ ಅಯಾನ್ ಬ್ಯಾಟರಿ. ಅದರೊಳಗಿನ ಕೋಬಾಲ್ಟ್ ಕಾಂಗೋದಲ್ಲಿ ಮಕ್ಕಳು ಅಗೆದು ತೆಗೆದದ್ದು. ಆವರೆಗೆ ಅದಿರಿನ ಹೆಸರಷ್ಟೇ ಇತ್ತು, ಈಗ ಅದಿರು ಯಾವುದರ ಒಳಗೆ ಹೋಗಿ ಕೂರುತ್ತದೆ ಎಂಬುದೂ ಬರತೊಡಗಿದೆ.

ಪಟ್ಟಿಯಲ್ಲಿ ಒಂದು ದೇಶ ಇಲ್ಲ, ಪಟ್ಟಿ ಮಾಡಿದ ದೇಶ. ಕಾಯ್ದೆ ಕೇಳಿದ್ದು ಹೊರಗಿನ ಸರಕುಗಳ ಲೆಕ್ಕ. ಆದರೆ 2023ರಲ್ಲಿ ಅದೇ ಕಾರ್ಮಿಕ ಇಲಾಖೆ, ಅಮೆರಿಕದ ಎಂಟು ರಾಜ್ಯಗಳ ಮಾಂಸದ ಕಾರ್ಖಾನೆಗಳನ್ನು ರಾತ್ರಿಪಾಳಿಯಲ್ಲಿ ತೊಳೆಯುತ್ತಿದ್ದ 13ರಿಂದ 17 ವರ್ಷದ 102 ಮಕ್ಕಳನ್ನು ಪತ್ತೆ ಮಾಡಿ, ಗುತ್ತಿಗೆ ಕಂಪನಿಗೆ 15 ಲಕ್ಷ ಡಾಲರ್ ದಂಡ ಹಾಕಿತು. ಈ ಮಕ್ಕಳ ಹೆಸರಿನಲ್ಲೂ ಒಂದು ಸಾಲು ಇರಬೇಕಿತ್ತು. ಇದ್ದಿದ್ದರೆ ಪಟ್ಟಿಯ ಮಾತಿಗೆ ಇನ್ನೂ ತೂಕ ಬರುತ್ತಿತ್ತು.

2000ದಲ್ಲಿ ಜಗತ್ತಿನಲ್ಲಿ ದುಡಿಯುವ ಮಕ್ಕಳು 24.6 ಕೋಟಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜು ಮಾಡಿತ್ತು. 2024ರ ಅಂದಾಜು 13.8 ಕೋಟಿ. ಇಳಿದದ್ದು ನಿಜ. ಇಳಿಸಿದ್ದು ಶಾಲೆ, ಬಿಸಿಯೂಟ, ತಪಾಸಣೆ, ಬಡವರ ಕೈಗೆ ಸಿಕ್ಕ ನಾಲ್ಕು ಕಾಸು. ಪಟ್ಟಿ ಮಾಡಿದ ವಿಭಾಗ ಬರೀ ಬರೆಯುತ್ತ ಕೂತಿರಲಿಲ್ಲ. ಭಾರತ ಸರ್ಕಾರದ ಜೊತೆ ಸೇರಿ ತಮಿಳುನಾಡು, ಮಹಾರಾಷ್ಟ್ರ, ಉತ್ತರ ಪ್ರದೇಶ, ಮಧ್ಯ ಪ್ರದೇಶಗಳಲ್ಲಿ ಇಂಡಸ್ ಎಂಬ ಯೋಜನೆಯಡಿ ದುಡಿಯುವ ಮಕ್ಕಳಿಗೆ ಶಾಲೆಯ ದಾರಿ ತೋರಿಸಿತ್ತು. 2025ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರ ಈ ವಿಭಾಗ ಹೊರದೇಶಗಳಿಗೆ ಕೊಡುತ್ತಿದ್ದ ಅನುದಾನಗಳನ್ನು ರದ್ದು ಮಾಡಿತು. ಹೊಲಕ್ಕೆ, ಗಣಿಗೆ, ಹುರಿ ಮನೆಗೆ ಹೋಗುತ್ತಿದ್ದ ಎಷ್ಟೋ ಕಾಲುಗಳು ಅಲ್ಲಿಗೇ ನಿಂತವು.

1996ರಲ್ಲಿ ಮಾಗಡಿಯ ಹುರಿ ಮಿಷನ್ನಿನ ಮುಂದೆ ನಿಂತಿದ್ದ ಹತ್ತು ವರ್ಷದ ಹುಡುಗಿಗೆ ಈಗ ನಲವತ್ತರ ಆಸುಪಾಸು. ಅವಳ ಮಕ್ಕಳು ಶಾಲೆಗೆ ಹೋದರೇ, ಅವಳಪ್ಪನ ಮುಂಗಡ ತೀರಿತೇ, ಕೈಯ ಕಲೆ ಮಾಸಿತೇ? ಆ್ಯಪ್‌ನಲ್ಲಿ ಭಾರತ, ರೇಷ್ಮೆ ನೂಲು ಎಂದು ಒತ್ತಿದರೆ ಇದು ಯಾವುದೂ ಬರುವುದಿಲ್ಲ. ಯಾರಾದರೂ ಮಾಗಡಿಗೆ ಹೋಗಿ, ಅವಳ ಮನೆಯ ಜಗಲಿಯ ಮೇಲೆ ಕೂತು ಕೇಳಬೇಕು.