ಊಟ ಸರಿ ಇದ್ದರೆ ಔಷಧಿಗೂ ಬಲ: ಶುಗರ್, ಬಿ.ಪಿ. ರೋಗಿಗಳಿಗೂ ಅವರ ಮನೆಯವರಿಗೂ ತಿಳಿವಳಿಕೆ

'ಶುಗರ್, ಬಿ.ಪಿ. ಶ್ರೀಮಂತರ ರೋಗ, ಹೊಲದಾಗ ದುಡಿಯುವ ನಮಗ್ಯಾಕೆ ಬರ್ತದ?' ಎಂಬ ಮಾತು ಆಳಂದ, ಅಫಜಲಪುರ, ಜೇವರ್ಗಿ ಕಡೆ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಹೊಟ್ಟೆ ತುಂಬಿದರೆ ಸಾಲದು, ಏನು ತಿಂದು ತುಂಬಿತು ಎಂಬುದೂ ಮುಖ್ಯ.

ತಟ್ಟೆಯಲ್ಲಿ ಏನು ಬದಲಾಯಿತು?

ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯೆ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ನಮ್ಮ ಭಾಗದ ಊಟ. ಎಳ್ಳ ಅಮಾವಾಸ್ಯೆಗೆ ಮಾಡುವ ಭಜ್ಜಿಯಲ್ಲಿ ಕಾಳು, ಸೊಪ್ಪು, ಕಾಯಿಪಲ್ಯೆ ಎಲ್ಲವೂ ಕೂಡಿರುತ್ತವೆ. ಈಗ ಎಷ್ಟೋ ಮನೆಗಳಲ್ಲಿ ತಟ್ಟೆ ತುಂಬ ಬಿಳಿ ಅನ್ನ, ಮೇಲೆ ತಿಳಿ ಸಾರು, ನಡುವೆ ಸಿಹಿ ಚಹಾ, ಬಿಸ್ಕೀಟು, ಸಂಜೆಗೆ ಮಿರ್ಚಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ. ಅಂಥ ತೊಗರಿಯನ್ನು ಪೂರ್ತಿ ಮಾರದೆ, ಮನೆಯ ಊಟಕ್ಕೂ ಇಟ್ಟುಕೊಳ್ಳಿರಿ.

ದೇಹದಲ್ಲಿ ಏನಾಗುತ್ತದೆ?

ಪಾಲಿಶ್ ಮಾಡಿದ ಅಕ್ಕಿ, ಮೈದಾ ಬೇಗ ಕರಗಿ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುತ್ತವೆ. ನಾರಿನಂಶವಿರುವ ಕಾಳು, ಸೊಪ್ಪು ಜೊತೆಗಿದ್ದರೆ ಅದು ನಿಧಾನವಾಗಿ ಏರುತ್ತದೆ. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಈ ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳಗಳನ್ನು ಕೆಡಿಸುತ್ತವೆ. ನೋವಿಲ್ಲವೆಂದು ಕಡೆಗಣಿಸಿದರೆ ಹೃದಯಾಘಾತ, ಲಕ್ವಾ, ಮೂತ್ರಪಿಂಡದ ವೈಫಲ್ಯ, ದೃಷ್ಟಿನಾಶ, ಮಾಯದ ಕಾಲಿನ ಹುಣ್ಣು ಬರಬಹುದು.

ಹೀಗೆ ಮಾಡಿರಿ

1. ಅನ್ನ ಕಡಿಮೆ ಮಾಡಿ ಬೇಳೆ, ಕಾಳು, ಪಲ್ಯೆ ಹೆಚ್ಚಿಸಿರಿ. ಜೋಳದ ರೊಟ್ಟಿಯೂ ಮಿತಿಯಲ್ಲಿರಲಿ. ಲೆಕ್ಕವಿಲ್ಲದೆ ತಿಂದರೆ ಅದರಿಂದಲೂ ಸಕ್ಕರೆ ಏರುತ್ತದೆ.

2. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಹಿಂಡಿಯಲ್ಲಿರುವ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಿರಿ.

3. ಒಂದು ಕಪ್ ಚಹಾಕ್ಕೆ ಎರಡು ಚಮಚೆಯಂತೆ ಐದು ಕಪ್ ಕುಡಿದರೆ ಸುಮಾರು 50 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗುತ್ತದೆ. ಆರೋಗ್ಯವಂತರಿಗೂ 25 ಗ್ರಾಂ ದಾಟಬಾರದು. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ಶುಗರ್ ಏರುತ್ತದೆ.

4. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ. ತಂಬಾಕು, ಗುಟ್ಕಾ ಬಿಡಿರಿ.

ಜೊತೆಗೆ ಬಂದವರಿಗೆ

ರೋಗಿಯನ್ನು ನೋಡಲು ಬರುವಾಗ ಪ್ರೀತಿಯಿಂದ ಬಿಸ್ಕೀಟು, ಮಿರ್ಚಿ, ಬಾಟಲಿ ಜ್ಯೂಸು ತರಬೇಡಿರಿ. ರೋಗಿಗೊಂದು, ಉಳಿದವರಿಗೊಂದು ಎಂದು ಬೇರೆ ಅಡುಗೆಯೂ ಬೇಡ. ಹಿತಮಿತದ ಊಟ ಮನೆಮಂದಿಗೆಲ್ಲ ಒಳ್ಳೆಯದು.

ಪಥ್ಯ ಮಾಡುತ್ತಿದ್ದೇವೆಂದು ಗುಳಿಗೆ, ಇನ್ಸುಲಿನ್ ನಿಲ್ಲಿಸಬೇಡಿರಿ. ಉಪವಾಸ ಮಾಡುವ ಮುಂಚೆ ವೈದ್ಯರಿಗೆ ತಿಳಿಸಿರಿ, ಇಲ್ಲವಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಸೊಪ್ಪು, ಹಣ್ಣು ಎಷ್ಟು ತಿನ್ನಬೇಕೆಂದು ವೈದ್ಯರನ್ನೇ ಕೇಳಿರಿ.

30 ವರ್ಷ ದಾಟಿದ್ದರೆ, ತೊಂದರೆ ಇಲ್ಲದಿದ್ದರೂ ಬಿ.ಪಿ., ಶುಗರ್ ತಪಾಸಣೆ ಮಾಡಿಸಿಕೊಳ್ಳಿರಿ. ರೋಗಿಯ ಜೊತೆಗೆ ಬಂದಿರುವ ತಾವೂ ಇಂದೇ ಪರೀಕ್ಷಿಸಿಕೊಂಡು ಹೋಗಬಹುದು.