ಗಿಣಿಗೆ ಯಾವ ಬಣ್ಣ?

ಎರಡೂವರೆ ವರ್ಷದ ಮಗು ಕೆಂಪು ಕ್ರಯಾನನ್ನು ಹಿಡಿದು ಹಸಿರೆಂದೊಡನೆ ಅದರ ದೃಷ್ಟಿಯಲ್ಲೇ ದೋಷವಿರಬಹುದೆಂದು ಕಳವಳಗೊಳ್ಳುವ ತಾಯ್ತಂದೆಯರು, ವರ್ಣಚಿತ್ರಗಳನ್ನು ತೋರಿಸಿ ಎಷ್ಟು ಕಲಿಸಿದರೂ ಬಣ್ಣಗಳ ಹೆಸರನ್ನು ಸರಿಯಾಗಿ ಹೇಳಲಾರದ ತನ್ನ ಮಕ್ಕಳನ್ನು ವರ್ಣಾಂಧರೆಂದೇ ಭಾವಿಸಿದ್ದ ಚಾರ್ಲ್ಸ್ ಡಾರ್ವಿನ್ನನು, ಆ ಭಯ ನಿರಾಧಾರವಾಗಿತ್ತೆಂದು 1877ರಲ್ಲಿ ಬರೆದುದನ್ನು ನೆನೆದು ಸಮಾಧಾನ ತಾಳಬಹುದು. ಶಿಶುವಿನ ಕಣ್ಣು ಕೆಲವೇ ತಿಂಗಳುಗಳಲ್ಲಿ ವರ್ಣಭೇದವನ್ನು ಗ್ರಹಿಸುತ್ತದೆ. ತೊಡಕಿರುವುದು, ಚೆಂಡು ತಟ್ಟೆಗಳಂತೆ ಕೈಗೆ ಸಿಕ್ಕದೆ ವಸ್ತುವಿನಲ್ಲಿಯೇ ಅಂಟಿಕೊಂಡಿರುವ ಆ ಗುಣವನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಸುವುದರಲ್ಲಿ.

ಆದುದರಿಂದ, ಇಡೀ ಡಬ್ಬಿಯನ್ನು ಮುಂದಿಟ್ಟು ಪರೀಕ್ಷೆ ನಡೆಸುವ ಉತ್ಸಾಹವನ್ನು (ಅದು ನಮ್ಮದೇ ಹೊರತು ಮಗುವಿನದಲ್ಲ) ಬದಿಗಿರಿಸಿ, ಹಸಿರು ಕ್ರಯಾನೊಂದನ್ನೇ ಕೊಟ್ಟು ಗಿಣಿ, ಬಾಳೆಲೆ, ಮೆಣಸಿನಕಾಯಿ ಈ ಮೂರು ಚಿತ್ರಗಳನ್ನೂ ತುಂಬಿಸಿರಿ: ಆಕಾರ ಬೇರೆ, ಬಣ್ಣ ಒಂದೇ. ಮರುದಿನ ಅದೇ ಮೆಣಸಿನಕಾಯಿಗೆ ಕೆಂಪು ಹಚ್ಚಿಸಿರಿ: ಆಕಾರ ಒಂದೇ, ಬಣ್ಣ ಬೇರೆ. ಹಚ್ಚುತ್ತಿರುವಾಗ “ಹಸಿರು ಎಲೆ” ಎಂಬುದರ ಜೊತೆಗೆ “ಈ ಎಲೆ ಹಸಿರು” ಎಂದೂ ಹೇಳಿರಿ. ವಸ್ತುವನ್ನು ಮೊದಲು ಹೆಸರಿಸಿದರೆ ಮಗುವಿನ ಗಮನ ಉಳಿದ ಗುಣದತ್ತ ಹರಿಯುವುದು ಸುಲಭ.

ಗಿಣಿಗೆ ಕೆಂಪು ಬಳಿದರೆ ತಿದ್ದಬೇಡಿರಿ. ಬಣ್ಣ ಯಾವುದೆಂದು ಕೇಳಿರಿ. “ಕೆಂಪು” ಎಂದಿತೇ? ಉತ್ತರ ಸರಿಯಾಗಿದೆ.