ಒಂದೇ ಕಂಬ, ಹಲವು ಉಬ್ಬು

ಮುಂಬಯಿ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಓಡಾಡುವವರಿಗೆ ಕ್ರೋಶಾ ಕಡ್ಡಿ ಹೊಸದಲ್ಲ. ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಹತ್ತಿ ಕೂರಲು ಜಾಗ ಸಿಕ್ಕ ಕೂಡಲೇ ಯಾರದೋ ಚೀಲದಿಂದ ನೂಲಿನ ಉಂಡೆ ಹೊರಬರುತ್ತದೆ. ಚರ್ಚ್‌ಗೇಟ್–ಬೊರಿವಲಿ ನಡುವೆ 1992ರ ಮೇ 5ರಂದು ಇಡೀ ರೈಲನ್ನೇ ಹೆಂಗಸರಿಗೆ ಮೀಸಲಿಟ್ಟ ಊರು ಇದು. ತರಕಾರಿ ಬಿಡಿಸುವುದು, ಭಜನೆ, ಹುಟ್ಟುಹಬ್ಬ, ಹೆಣಿಗೆ ಎಲ್ಲಕ್ಕೂ ಇಲ್ಲಿ ಪ್ರಯಾಣದ ಹೊತ್ತೇ ಬಿಡುವಿನ ಹೊತ್ತು.

ಈ ಓಡಾಟದ ಬದುಕಿಗೆ ಕ್ರೋಶಾ ಒಗ್ಗಿಕೊಳ್ಳಲು ಒಂದು ಗಟ್ಟಿ ಕಾರಣವಿದೆ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವ ಹಿಡಿದುಕೊಂಡಿರುತ್ತವೆ. ಕಡ್ಡಿ ಜಾರಿದರೆ ಅಷ್ಟೂ ಕಳಚುವ ಭಯ. ಕ್ರೋಶಾದಲ್ಲಿ ಯಾವ ಹೊತ್ತಿಗೂ ಬಿಚ್ಚಿಕೊಂಡಿರುವುದು ಒಂದೇ ಕುಣಿಕೆ. ದಾದರ್ ಬಂತೆಂದರೆ ಆ ಕುಣಿಕೆಯನ್ನು ಸ್ವಲ್ಪ ಎಳೆದು ದೊಡ್ಡದು ಮಾಡಿ, ಕಡ್ಡಿ ತೆಗೆದು ಚೀಲಕ್ಕೆ ಹಾಕಿ ಇಳಿದುಬಿಡಬಹುದು. ಸಂಜೆ ಮರಳುವಾಗ ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ಆದರೂ ಕಲಿತವರಲ್ಲಿ ಅನೇಕರು ಬಾಗಿಲ ತೋರಣ, ಮೇಜಿನ ಹಾಸು, ಮಗುವಿನ ಟೋಪಿಗೆ ನಿಂತುಬಿಡುತ್ತಾರೆ. ಬುಟ್ಟಿ ಹೆಣೆದಂತೆ ಕಾಣುವ ಕಂಬಳಿ, ಗುಳ್ಳೆ ಗುಳ್ಳೆಯಾಗಿ ಎದ್ದ ದಿಂಬಿನ ಕವರು ಕಂಡಾಗ ‘ಇದು ಪಳಗಿದ ಕೈಗಳ ಕೆಲಸ’ ಎಂದು ದೂರ ಸರಿಯುತ್ತಾರೆ. ಹಾಗೆ ಸರಿಯಬೇಕಾಗಿಲ್ಲ. ಉಬ್ಬು ಹೆಣಿಗೆಗೆ ಬೇಕಾದುದು ಗೊತ್ತಿರುವ ಕಂಬವೇ. ಅದನ್ನು ಹಾಕುವ ಜಾಗ ಮಾತ್ರ ಬೇರೆ.

ಕಂಬವನ್ನು ಹತ್ತಿರದಿಂದ ನೋಡಿ

ಕಡ್ಡಿಗೆ ನೂಲು ಸುತ್ತಿ, ಕೆಳಗಿನ ಸಾಲಿಗೆ ಚುಚ್ಚಿ, ನೂಲು ಎಳೆದರೆ ಕಡ್ಡಿಯ ಮೇಲೆ ಮೂರು ಕುಣಿಕೆ. ಎರಡರೊಳಗಿಂದ ಒಮ್ಮೆ, ಉಳಿದ ಎರಡರೊಳಗಿಂದ ಇನ್ನೊಮ್ಮೆ ನೂಲು ಎಳೆದರೆ ಒಂದು ಕಂಬ. ಪಕ್ಕದ ಮನೆಯ ಮರಾಠಿ ಕಾಕು ಇದನ್ನು ‘ಖಾಂಬ್’ ಎನ್ನುತ್ತಾರೆ, ಅದಕ್ಕಿಂತ ಗಿಡ್ಡದ್ದು ‘ಮುಕಾ ಖಾಂಬ್’, ಚೈನು ‘ಸಾಖಳಿ’. ಅಮೆರಿಕದ ಪುಸ್ತಕಗಳು ಇದೇ ಕಂಬವನ್ನು ಡಬಲ್ ಕ್ರೋಶೆ ಎಂದೂ ಬ್ರಿಟನ್ನಿನವು ಟ್ರೆಬಲ್ ಎಂದೂ ಬರೆಯುತ್ತವೆ. ನಮೂನೆ ಯಾವ ದೇಶದ್ದೆಂದು ಮೊದಲೇ ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಹೆಣೆದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಪ್ರತಿ ಕಂಬಕ್ಕೂ ಎರಡು ಎಳೆಗಳ ಒಂದು ತಲೆ ಇದೆ, ಕೆಳಗೆ ನೆಟ್ಟಗೆ ನಿಂತ ಒಂದು ಮೈ ಇದೆ. ಸಾಮಾನ್ಯ ಹೆಣಿಗೆಯಲ್ಲಿ ಕಡ್ಡಿ ಚುಚ್ಚುವುದು ತಲೆಗೆ. ಉಬ್ಬು ಬೇಕಾದಾಗ ತಲೆಯನ್ನು ಬಿಟ್ಟು ಮೈಯನ್ನು ಹಿಡಿಯುತ್ತೇವೆ. ಕಂಬದ ಬಲಗಡೆ ಮುಂದಿನಿಂದ ಹಿಂದಕ್ಕೆ ಕಡ್ಡಿ ತೂರಿಸಿ, ಅದರ ಬೆನ್ನ ಹಿಂದೆ ಹಾಯಿಸಿ, ಎಡಗಡೆಯಿಂದ ಮುಂದಕ್ಕೆ ತನ್ನಿ. ದೇವಸ್ಥಾನದ ಕಂಬವನ್ನು ಮಗು ಅಪ್ಪಿಕೊಂಡಂತೆ ಕಡ್ಡಿ ಈಗ ಆ ಕಂಬವನ್ನು ಬಳಸಿ ನಿಂತಿದೆ. ಇಲ್ಲಿಂದ ಮುಂದೆ ಎಂದಿನಂತೆ ಕಂಬ ಮುಗಿಸಿ. ಇದು ಮುಂಗಂಬ. ಹೊಸ ಕಂಬ ಹಳೆಯದನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಬಿಟ್ಟ ತಲೆಗಳು ಹಿಂಬದಿಗೆ ಸರಿಯುತ್ತವೆ, ಅಲ್ಲಿ ಒಂದು ಏಣು ಏಳುತ್ತದೆ. ಇದನ್ನೇ ಹಿಂದಿನಿಂದ ಶುರುಮಾಡಿ, ಕಂಬದ ಮುಂದೆ ಹಾಯಿಸಿ ಮತ್ತೆ ಹಿಂದಕ್ಕೆ ಒಯ್ದರೆ ಹಿಂಗಂಬ. ಅದು ತಗ್ಗುತ್ತದೆ.

ಮೊದಲ ತುಂಡು: ಬುಟ್ಟಿ ಹೆಣಿಗೆ

ಹೊಸಬರು ಶುರುಮಾಡಲು ಬುಟ್ಟಿ ಹೆಣಿಗೆಯೇ ಒಳ್ಳೆಯದು. ಏಕೆಂದರೆ ಮುಂಗಂಬ, ಹಿಂಗಂಬ ಬಿಟ್ಟರೆ ಅದರಲ್ಲಿ ಮೂರನೆಯದಿಲ್ಲ. 28 ಚೈನು ಹಾಕಿ. ಕಡ್ಡಿಯಿಂದ ನಾಲ್ಕನೆಯ ಚೈನಿಗೆ ಮೊದಲ ಕಂಬ, ಆಮೇಲೆ ಪ್ರತಿ ಚೈನಿಗೂ ಒಂದು. ಬಿಟ್ಟ ಮೂರು ಚೈನು ಸೇರಿ ಒಂದು ಕಂಬವೆಂದು ಎಣಿಸಿದರೆ ಒಟ್ಟು 26. ಎರಡು ಅಂಚಿಗೆ, ಉಳಿದ 24 ನಮೂನೆಗೆ.

ತಿರುಗಿಸಿ. ಅಂಚಿಗೆಂದು ಎರಡು ಚೈನು. ಬಳಿಕ ನಾಲ್ಕು ಮುಂಗಂಬ, ನಾಲ್ಕು ಹಿಂಗಂಬ, ಹೀಗೆ ಮೂರು ಸಲ. ಕೊನೆಯ ಅಂಚಿಗೆ ಸಾದಾ ಕಂಬ. ಮುಂದಿನ ಎರಡು ಸಾಲೂ ಇದೇ ಕ್ರಮ. ತಿರುಗಿಸಿದಾಗ ಒಂದು ಬದಿಯ ಉಬ್ಬು ಇನ್ನೊಂದು ಬದಿಗೆ ತಗ್ಗು. ನಾಲ್ಕು ನಾಲ್ಕು ಕಂಬಗಳ ಮನೆಗಳು ಆರಿರುವುದರಿಂದ ಪ್ರತಿ ಸಲವೂ ಮೊದಲು ಎದುರಾಗುವುದು ಉಬ್ಬೇ. ಈ ಮೂರು ಸಾಲು ಮುಗಿದ ಮೇಲೆ ಅದಲುಬದಲು: ಮೊದಲು ನಾಲ್ಕು ಹಿಂಗಂಬ, ಆಮೇಲೆ ನಾಲ್ಕು ಮುಂಗಂಬ, ಹೀಗೆ ಇನ್ನೂ ಮೂರು ಸಾಲು. ಅಷ್ಟು ಹೊತ್ತಿಗೆ ಅಡ್ಡ ಹೋದ ಪಟ್ಟಿ ನಿಂತ ಪಟ್ಟಿಯ ಅಡಿಯಲ್ಲಿ ನುಸುಳಿ ಬಂದಂತೆ ಕಾಣತೊಡಗುತ್ತದೆ. ನಿಜದಲ್ಲಿ ಯಾವುದೂ ನುಸುಳಿಲ್ಲ, ಉಬ್ಬು ತಗ್ಗುಗಳ ನೆರಳು ಕಣ್ಣಿಗೆ ಹಾಗೆ ತೋರಿಸುತ್ತದೆ.

ಪ್ರತಿ ಸಾಲಿನ ಕೊನೆಗೆ 26 ಇದೆಯೇ ಎಂದು ಎಣಿಸಿ. ಹೊಸಬರ ಕೈ ತಪ್ಪುವುದು ಹೆಚ್ಚಾಗಿ ಅಂಚಿನಲ್ಲೇ. ಕೊನೆಯ ಕಂಬ ತಿರುವಿನ ಚೈನಿನ ತಲೆಗೆ ಬೀಳದಿದ್ದರೆ ತುಂಡು ಸಾಲು ಸಾಲಿಗೂ ಕಿರಿದಾಗುತ್ತಾ ಹೋಗುತ್ತದೆ. ಕೈ ಬಿಗಿಯಿದ್ದರೆ ಕಂಬದ ಹಿಂದೆ ಕಡ್ಡಿ ತೂರುವುದೇ ಇಲ್ಲ; ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿ ತೆಗೆದುಕೊಳ್ಳಿ. ಈ ಹೆಣಿಗೆ ಸಾದಾ ಹೆಣಿಗೆಗಿಂತ ಹೆಚ್ಚು ನೂಲು ತಿನ್ನುತ್ತದೆ, ಅಗಲವನ್ನೂ ಕುಗ್ಗಿಸುತ್ತದೆ. ಹೀಗಾಗಿ ಕಂಬಳಿ ಹೆಣೆಯುವವರು ಮೊದಲು ಒಂದು ತುಂಡು ಹೆಣೆದು ಅಳೆದೇ ನೂಲು ಕೊಳ್ಳಬೇಕು.

ಗುಳ್ಳೆಯ ಮೂರು ಬಗೆ

ಬುಟ್ಟಿ ಕೈಗೆ ಬಂದ ಮೇಲೆ ಗುಳ್ಳೆಗಳು. ಬಾಬಲ್‌ಗೆ ಒಂದೇ ತಲೆಯಲ್ಲಿ ಐದು ಅರೆಮುಗಿದ ಕಂಬ ಹಾಕಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳನ್ನೂ ಒಟ್ಟಿಗೆ ಕಟ್ಟುತ್ತಾರೆ. ಅದು ಹಿಂಬದಿಗೆ ಉಬ್ಬುತ್ತದೆ, ಆದ್ದರಿಂದ ಒಳಮೈ ನಮಗೆ ಎದುರಾಗಿರುವ ಸಾಲಿನಲ್ಲೇ ಹಾಕಬೇಕು. ಎರಡೂ ಪಕ್ಕ ಗಿಡ್ಡ ಕಂಬವಿದ್ದರೆ ಗುಳ್ಳೆ ಚೆನ್ನಾಗಿ ಎದ್ದು ನಿಲ್ಲುತ್ತದೆ. ಪಾಪ್‌ಕಾರ್ನ್‌ಗೆ ಐದೂ ಕಂಬಗಳನ್ನು ಪೂರ್ತಿ ಮುಗಿಸಿ, ಕಡ್ಡಿ ಕಳಚಿ, ಮೊದಲ ಕಂಬದ ತಲೆಗೆ ಚುಚ್ಚಿ, ಬಿಟ್ಟ ಕುಣಿಕೆಯನ್ನು ಅದರೊಳಗಿಂದ ಎಳೆಯಬೇಕು. ಬಾಬಲ್ ತುಂಬಿಕೊಂಡಿರುತ್ತದೆ, ಪಾಪ್‌ಕಾರ್ನ್ ಒಳಗೆ ಟೊಳ್ಳು, ಆದರೆ ಇನ್ನೂ ಎತ್ತರ. ಪಫ್‌ಗೆ ಉದ್ದ ಕುಣಿಕೆಗಳನ್ನಷ್ಟೇ ಎಳೆದು ಒಮ್ಮೆಗೆ ಮುಗಿಸುತ್ತಾರೆ, ಮೂರರಲ್ಲಿ ಅದೇ ಮೆತ್ತಗಿನದು.

ಮುಂಬಯಿಗೆ ಯಾವ ನೂಲು?

ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಗಲ್ಲಿಗಳಲ್ಲಿ, ದಾದರ್ ಪಶ್ಚಿಮದಲ್ಲಿ ಕಡ್ಡಿ ನೂಲು ಎರಡೂ ಸಿಗುತ್ತವೆ. ‘ಲೋಕರ್’ (ಉಣ್ಣೆ) ಎಂದು ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ಅಕ್ರಿಲಿಕ್. ಅದು ಅಗ್ಗ, ಬಣ್ಣ ಬಹಳ, ಬೇಗ ಒಣಗುತ್ತದೆ. ಆದರೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಖಂಡಿತ ಬೇಡ, ಶಾಖಕ್ಕೆ ಕರಗುತ್ತದೆ. ಅಲ್ಲಿಗೂ ಈ ಊರಿನ ಬೆವರಿಗೂ ಹತ್ತಿಯೇ ಸರಿ. ದಪ್ಪ ಹತ್ತಿ ನೂಲಿಗೆ ನಾಲ್ಕು ಮಿಲಿಮೀಟರ್ ಕಡ್ಡಿ ಹಿಡಿದು ಮೇಲಿನ 26 ಕಂಬದ ನಮೂನೆಯನ್ನು ಚೌಕವಾಗುವವರೆಗೆ ಹೆಣೆದರೆ ಕುಕ್ಕರ್ ಇಳಿಸಲು ಒದಗುವ ಬಟ್ಟೆಯೊಂದು ಸಿದ್ಧ. ಬಣ್ಣ ತಿಳಿಯಾಗಿರಲಿ, ಒಂದೇ ಇರಲಿ. ಕಪ್ಪಿನಲ್ಲಿ ಹೊಸಬರಿಗೆ ಕಂಬ ಕಾಣುವುದಿಲ್ಲ, ಹಲಬಣ್ಣದ ನೂಲಿನಲ್ಲಿ ಉಬ್ಬು ಮರೆಯಾಗುತ್ತದೆ. ಉಬ್ಬು ಹೆಣಿಗೆ ದಪ್ಪ, ನೀರು ಹಿಡಿದುಕೊಳ್ಳುತ್ತದೆ. ಜುಲೈ ಮಳೆಯಲ್ಲಿ ಒಗೆದರೆ ಫ್ಯಾನಿನಡಿ ಹರವಿ ಪೂರ್ತಿ ಒಣಗಿಸಬೇಕು.

ಕಡ್ಡಿಯ ಲೋಕ

1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸು ಹೆಣೆದು ಮನೆ ನಡೆಸಿದರು. ಆಂಧ್ರದ ನರಸಾಪುರದಲ್ಲಿ ಮಿಷನರಿಗಳಿಂದ ಬಂದ ಲೇಸು ಕೆಲಸ ಸಾವಿರಾರು ಮನೆಗಳ ದುಡಿಮೆಯಾಯಿತು. ಆ ದುಡಿಮೆಗೆ ಸಿಗುತ್ತಿದ್ದ ಕೂಲಿ ಎಷ್ಟು ಕಡಿಮೆಯಿತ್ತು ಎಂಬುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಮಹಾರಾಷ್ಟ್ರದ ಮದುವೆಗಳಲ್ಲಿ ವಧುವಿನ ಕಡೆಯವರು ಜೋಡಿಸಿಡುವ ರುಖವತದಲ್ಲಿ ಕ್ರೋಶಾ ತೋರಣಕ್ಕೂ ಹಾಸಿಗೂ ಸ್ಥಾನವಿದೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಹೈಪರ್ಬಾಲಿಕ್ ಸಮತಲವನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗಿತ್ತರು. 2016ರ ಜನವರಿಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗದ ಮಹಿಳೆಯರು ಚೆನ್ನೈಯಲ್ಲಿ ಚೌಕಗಳನ್ನು ಜೋಡಿಸಿ 11,148.5 ಚದರ ಮೀಟರಿನ ಕಂಬಳಿ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಇಷ್ಟೆಲ್ಲದರ ನಂತರವೂ ನಿಜವಾದ ಕ್ರೋಶಾ ಕೈಯ ಕೆಲಸವಾಗಿಯೇ ಉಳಿದಿದೆ. ಯಂತ್ರಗಳು ಅದನ್ನು ಹೋಲುವ ಬಟ್ಟೆ ಹೆಣೆಯುತ್ತವೆ, ಅಷ್ಟೇ. ಆದ್ದರಿಂದ ಪಾದಚಾರಿ ದಾರಿಯಲ್ಲಿ ಕೈಹೆಣಿಗೆಯ ತೋರಣ ಕಂಡಾಗ ಚೌಕಾಸಿ ಮಾಡಬೇಡಿ. ಅದರ ಒಂದೊಂದು ಕಂಬವನ್ನೂ ಯಾರೋ ಹಾಕಿದ್ದಾರೆ.

ಸಂಘಗಳಲ್ಲಿ ಒಂದು ಭಾನುವಾರ

ಉಬ್ಬು ಹೆಣಿಗೆಯ ದೊಡ್ಡ ಲಾಭವೆಂದರೆ ಹೆಣೆದದ್ದನ್ನು ಓದುವ ಕಣ್ಣು. ಇದು ಕಂಬದ ತಲೆ, ಇದು ಮೈ, ಇದು ಉಬ್ಬು, ಇದು ತಗ್ಗು ಎಂದು ಗುರುತಿಸಬಲ್ಲವರಿಗೆ ಸಾಲಿನ ಲೆಕ್ಕ ಬರೆದಿಡಬೇಕಿಲ್ಲ. ತುಂಡೇ ಹೇಳುತ್ತದೆ. ಜಪಾನಿನ ಪುಸ್ತಕದ ಚಿಹ್ನೆಗಳನ್ನೂ ಭಾಷೆ ಬಾರದೆ ಓದಬಹುದು: ಕಂಬಕ್ಕೆ ಅಡ್ಡಗೆರೆ ಇರುವ ಇಂಗ್ಲಿಷ್ ಟಿ, ಮುಂಗಂಬಕ್ಕೂ ಹಿಂಗಂಬಕ್ಕೂ ಅದರ ಬುಡದಲ್ಲೊಂದು ಕೊಕ್ಕೆ.

ಇದನ್ನೆಲ್ಲ ಒಟ್ಟಿಗೆ ಕಲಿಯಲು ಜಾಗಗಳೂ ಇವೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಮಾಟುಂಗದಲ್ಲಿದೆ. ಉಪನಗರಗಳ ತುಂಬ ಕನ್ನಡ ಸಂಘಗಳಿವೆ, ಅವುಗಳ ಮಹಿಳಾ ವಿಭಾಗಗಳು ಅರಿಶಿನ–ಕುಂಕುಮಕ್ಕೂ ಹಾಡಿಗೂ ನಾಟಕಕ್ಕೂ ಸೇರುತ್ತವೆ. ಕ್ರೋಶಾ ಬಲ್ಲ ಹಿರಿಯರು ಆ ಸಭೆಗಳಲ್ಲೇ ಇದ್ದಾರೆ. ಕಲಿಯಬೇಕೆಂದಿರುವ ಹುಡುಗಿಯರೂ ಹುಡುಗರೂ ಅವರ ಮನೆಗಳಲ್ಲೇ ಇದ್ದಾರೆ. ಒಂದು ಭಾನುವಾರ ಚೈನು ಮತ್ತು ಕಂಬ, ಮುಂದಿನ ಭಾನುವಾರ ಮುಂಗಂಬ ಮತ್ತು ಹಿಂಗಂಬ. ಒಂದು ಉಂಡೆ ಹತ್ತಿ ನೂಲು, ಒಂದು ಕಡ್ಡಿ, ಒಂದು ಕೋಣೆ ಇದ್ದರೆ ಸಾಕು. ಕಲಿಸಬಲ್ಲವರು ಇರುವಾಗಲೇ ಇದನ್ನು ಶುರುಮಾಡಬೇಕು.